ಫೋನಿನ್ಯಾಗ "ನಿನ್ನ ಮಗಳು ಹೋಗೋ ದಾರಿ ಗೊತ್ತದ" ಅಂದ್ರ ಅದು ಧಮ್ಕಿ ಹೌದೋ ಅಲ್ಲೋ? ತಿಳಿದವರು ಹೇಳ್ರಿ (ಕಲಬುರಗಿ)

ಫರ್ಸಿಕಲ್ಲು

ಎಲ್ಲರಿಗೂ ಶರಣು. ಉದ್ದ ಬರೀಲಿಕತ್ತೀನಿ, ಸ್ವಲ್ಪ ತಾಳ್ಮೆಯಿಂದ ಓದ್ರಿ, ಎರಡು ದಿನದಿಂದ ನಿದ್ದಿ ಇಲ್ಲ.

ನಮ್ಮ ಕಾಲೊನ್ಯಾಗ ಚರಂಡಿ ಕೆಲಸ ನಡದದ. ಬೋರ್ಡ್ ಹಾಕ್ಯಾರ, ಇಷ್ಟು ಮೀಟರ್ ಉದ್ದ, ಇಷ್ಟು ದಪ್ಪ ಅಂತ. ನಾ ಫರ್ಸಿ ಹಾಸೋ ಕೆಲಸದವ, ಟೇಪ್ ಯಾವಾಗ್ಲೂ ಜೇಬಿನ್ಯಾಗ ಇರ್ತದ, ಸುಮ್ಮ ಅಳದು ನೋಡ್ದೆ, ಬೋರ್ಡಿಗೂ ನೆಲಕ್ಕೂ ತಾಳ ಇಲ್ಲ. ಟೇಪ್ ಹಿಡದ ಫೋಟೋ, ಬೋರ್ಡಿನ ಫೋಟೋ ಎರಡೂ ಕಾಲೊನಿ ವಾಟ್ಸಾಪ್ ಗ್ರೂಪಿಗೆ ಹಾಕಿ "ಲೆಕ್ಕ ಕೊಡ್ರಿ" ಅಂತ ಬರದೆ. ಯಾರ ಹೆಸರೂ ಬರ್ದಿಲ್ಲ, ಯಾರಿಗೂ ಬೈದಿಲ್ಲ.

ಮರುದಿನ ರಾತ್ರಿ ಊಟಕ್ಕ ಕುಂತಾಗ ಗೊತ್ತಿಲ್ಲದ ನಂಬರಿಂದ ಫೋನ್. ಬಹಳ ಮೆತ್ತಗ ಮಾತಾಡ್ದ. ಹೇಳಿದ್ದು ಹೇಳಿದಂಗ ಬರೀತೀನಿ: "ಅಣ್ಣಾರೆ, ಗ್ರೂಪಿನ್ಯಾಗ ಬರಿಯೋದು ಬ್ಯಾಡ. ನಿಮ್ಮ ಮಗಳು ನೀಲಿ ಬ್ಯಾಗ್ ಹಾಕ್ಕೊಂಡು ಆಟೋ ಸ್ಟ್ಯಾಂಡ್ ತನಕ ಒಬ್ಬಾಕಿನೇ ನಡ್ಕೋತ ಹೋಗ್ತಾಳಲ್ಲ, ಆ ದಾರಿ ಛಲೋ ಇಲ್ರಿ." ಇಷ್ಟೇ. ಒಂದು ಬೈಗುಳ ಇಲ್ಲ, ದನಿ ಏರಿಸ್ಲಿಲ್ಲ.

ನನ್ನ ಕೈಯಾಗಿನ ರೊಟ್ಟಿ ಹಂಗೇ ಉಳೀತು. ತಲಿ ಕೆಟ್ಟು ನಾ ಅಂದೆ, "ಬಾ ಮಗನ ನಮ್ಮ ಓಣಿಗೆ, ಕಾಲ್ ಮುರದು ಕೈಯಾಗ ಕೊಡ್ತೀನಿ." ಅಂವ ನಕ್ಕು ಫೋನ್ ಇಟ್ಟ.

ಈಗ ನೋಡ್ರಿ ಆಟ. ಅಂವ ರೆಕಾರ್ಡ್ ಮಾಡ್ಕೊಂಡಿದ್ದ, ನನ್ನ ಮಾತಷ್ಟೇ ಕತ್ತರಿಸಿ ಸ್ಟೇಷನ್ನಿಗೆ ಕೊಟ್ಟಾನ, ನನಗ ಜೀವಬೆದರಿಕೆ ಅದ ಅಂತ. ನಾನೂ ಹೋಗಿ ಕಂಪ್ಲೇಂಟ್ ಕೊಟ್ಟೆ. ಅಲ್ಲಿ ಕುಂತವರು ಏನಂದ್ರು ಗೊತ್ತೇನ್ರಿ, "ಅವರು ದಾರಿ ಛಲೋ ಇಲ್ಲ ಅಂದಾರ, ಅದ್ರಾಗ ಧಮ್ಕಿ ಎಲ್ಲದ? ಕಾಲ್ ಮುರೀತೀನಿ ಅಂದವ ನೀನು." ಅಂವ ಅಲ್ಲೇ ನಿಂತು "ಮಾತಾಡೋ ಹಕ್ಕು ಸಂವಿಧಾನ ಕೊಟ್ಟದ ಸರ್, ನಾ ಬರೇ ಹಿತದ ಮಾತು ಹೇಳೀನಿ" ಅಂದ.

ನಾ ಕೇಳೋದು ಒಂದೇ. ಕಾನೂನು ಬರೇ ಶಬ್ದ ನೋಡ್ತದೋ, ಶಬ್ದದ ಹಿಂದಿನ ಮನಸ್ಸು ನೋಡ್ತದೋ?

ಗಂಜ್ ತೊಗರಿ

ಅಣ್ಣಾ ನಿನ್ನ ಸಂಕಟ ತಿಳೀತದ, ಆದ್ರ ನಾ ಸ್ವಲ್ಪ ಬ್ಯಾರೆ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ನಾ ಗಂಜಿನ್ಯಾಗ ಹುಟ್ಟಿ ಬೆಳದವ. ತೊಗರಿ ಸೀಸನ್ ಬಂತಂದ್ರ ದಿನಕ್ಕ ಹತ್ತು ಸಲ "ಕಡದು ಹಾಕ್ತೀನಿ", "ಹುಗೀತೀನಿ" ಅಂತ ಕೇಳ್ತೀನಿ, ತೂಕದಾಗ ಅರ್ಧ ಕಿಲೋ ಹೆಚ್ಚುಕಮ್ಮಿ ಆದ್ರ ಸಾಕು. ಅರ್ಧ ತಾಸಿಗೆ ಅದೇ ಇಬ್ರು ಒಂದೇ ಬಂಡಿ ಮುಂದ ನಿಂತು ಮಿರ್ಚಿ ತಿಂತಾರ. ನಮ್ಮವ್ವ ನಾ ಸಣ್ಣಾಂವ ಇದ್ದಾಗ ದಿನಾ ಕಾಲ್ ಮುರೀತೀನಿ ಅಂತಿದ್ಲು, ನನ್ನ ಎರಡೂ ಕಾಲು ಅವ. ಮಾತಿಗೆಲ್ಲಾ ಕೇಸ್ ಹಾಕ್ಕೋತ ಹೋದ್ರ ಅರ್ಧ ಕಲಬುರಗಿ ಜೈಲಿನ್ಯಾಗ, ಉಳಿದರ್ಧ ಕೋರ್ಟಿನ ಕಟ್ಟಿ ಮ್ಯಾಗ ಇರಬೇಕಾಗ್ತದ. ಮಾತು ಮಾತೇ, ಕೈ ಎತ್ತಿದಾಗ ಕೇಸ್ ಆಗ್ಲಿ.

ಟೀಚರಮ್ಮ, ಸೇಡಂ ರೋಡ್

ಗಂಜ್ ಅಣ್ಣಾರೆ, ಕೈ ಎತ್ತೋ ತನಕ ಕಾಯ್ರಿ ಅಂತ ಹೆಣ್ಣುಮಕ್ಕಳಿಗೆ ಹೇಳಬ್ಯಾಡ್ರಿ.

ನಾನು ಸಾಲಿ ಟೀಚರ್. ಕೆಲವು ವರ್ಷದ ಹಿಂದ ಪರೀಕ್ಷೆಯೊಳಗ ಕಾಪಿ ಹಿಡದೆ. ಆ ಹುಡುಗನ ಕಡಿಯವರೊಬ್ಬರು ಸಂಜಿಗೆ ಬಸ್ ಸ್ಟಾಪಿನ ಹತ್ರ ಬಂದು ನಮಸ್ಕಾರ ಮಾಡಿ "ಮೇಡಂ, ದಿನಾ ಇದೇ ಬಸ್ಸಿಗೆ ಹೋಗ್ತೀರಿ, ಹುಷಾರಾಗಿ ಹೋಗ್ರಿ" ಅಂದು ಹೋದ್ರು. ನಕ್ಕೋತ ಹೇಳಿದ್ರು. ಪಕ್ಕದಾಗ ನಿಂತವರಿಗೆ ಎಷ್ಟು ಒಳ್ಳೆ ಮನುಷ್ಯಾ ಅನಿಸಿರಬೇಕು. ನಾನು ಆ ಮ್ಯಾಲ ಮೂರು ತಿಂಗಳು ಬಸ್ ಬಿಟ್ಟು ಸುತ್ತು ಹಾಕ್ಕೊಂಡು ಆಟೋದಾಗ ಹೋದೆ, ಸಂಬಳದಾಗಿಂದ ರೊಕ್ಕ ಮುರ್ಕೊಂಡು. ಯಾರಿಗೂ ಹೇಳ್ಲಿಲ್ಲ, ಯಾಕಂದ್ರ ಹೇಳಿದ್ರ "ಹುಷಾರಾಗಿ ಹೋಗ್ರಿ ಅಂದದ್ದಕ್ಕ ಕಂಪ್ಲೇಂಟಾ" ಅಂತ ಎಲ್ಲರೂ ಕೇಳ್ತಾರ.

ಫರ್ಸಿಕಲ್ಲು ಅವರೇ, ನಿಮ್ಮ ಮಾತಿಗಿಂತ ಅವನ ಮಾತೇ ಹೆಚ್ಚು ಹೆದರಿಸೋದು. ಬ್ಯಾಗಿನ ಬಣ್ಣ ಹೇಳಿದ್ದೇ ಸಾಕ್ಷಿ, ಅಂದ್ರ ನಿಂತು ನೋಡ್ಯಾನ.

ಐವಾನ್‌ಶಾಹಿ ವಕೀಲ

ನಾನು ಇಲ್ಲೇ ಪ್ರ್ಯಾಕ್ಟೀಸ್ ಮಾಡ್ತೀನಿ. ಇದು ಕೇಸಿನ ಸಲಹೆ ಅಲ್ಲ, ನಿಮ್ಮ ವಕೀಲರಿಗೆ ಕಾಗದ ತೋರಿಸ್ರಿ. ಆದ್ರ ಕಾನೂನು ಏನು ಅಂತ ಹೇಳ್ತೀನಿ, ಯಾಕಂದ್ರ ಸ್ಟೇಷನ್ನಿನ್ಯಾಗ ನಿಮಗ ಹೇಳಿದ್ದು ಅರ್ಧ ಸತ್ಯ.

ಮೊದಲು ಐಪಿಸಿ, ಅಂದ್ರ ಹಳೇ ದಂಡ ಸಂಹಿತೆಯ ಕಲಂ 503, 506 ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮ್ಯಾಲ ಅವೆರಡೂ 351ರೊಳಗ ಕೂಡ್ಯಾವ. ಅಪರಾಧಿಕ ಬೆದರಿಕೆ ಅಂದ್ರ ಏನು ಅಂತ 351(1) ಹೇಳ್ತದ: ಯಾವುದೇ ರೀತಿಯಿಂದ ಇನ್ನೊಬ್ಬನ ಮೈಗೆ, ಮಾನಕ್ಕ, ಆಸ್ತಿಗೆ, ಇಲ್ಲಾ ಅವನಿಗೆ ಬೇಕಾದವರ ಮೈಗೆ ಮಾನಕ್ಕ ಕೇಡು ಮಾಡ್ತೀನಿ ಅಂತ ಬೆದರಿಸೋದು, ಮತ್ತ ಅದರ ಉದ್ದೇಶ ಏನಿರಬೇಕಂದ್ರ ಅವನಿಗೆ ದಿಗಿಲು ಹುಟ್ಟಿಸೋದು, ಇಲ್ಲಾ ಅವನು ಕಾನೂನು ಪ್ರಕಾರ ಮಾಡಬಹುದಾದ ಕೆಲಸ ಬಿಡಿಸೋದು, ಇಲ್ಲಾ ಮಾಡಬೇಕಾಗಿಲ್ಲದ ಕೆಲಸ ಮಾಡಿಸೋದು. ಕಾನೂನಿನೊಳಗೇ ಒಂದು ಉದಾಹರಣೆ ಅದ, ಸಿವಿಲ್ ದಾವಾ ಬಿಡಿಸ್ಲಿಕ್ಕೆ ಒಬ್ಬ ಇನ್ನೊಬ್ಬನಿಗೆ ಮನಿ ಸುಡ್ತೀನಿ ಅಂದ್ರ ಅದು ಅಪರಾಧ. ಮನಿ ಸುಡಬೇಕಂತಿಲ್ಲ, ಅಂದ್ರೇ ಸಾಕು.

ಈಗ ನಿಮ್ಮ ಫೋನಿನ ಮಾತು ಇದರ ಮ್ಯಾಲ ಇಟ್ಟು ನೋಡ್ರಿ. "ಬರಿಯೋದು ಬ್ಯಾಡ" ಅಂತ ಮೊದಲು ಅಂದಾನ. ಬರಿಯೋದು ನಿಮ್ಮ ಹಕ್ಕು, ಅದನ್ನ ಬಿಡ್ಲಿಕ್ಕೆ ಹೇಳ್ಯಾನ. ಅದರ ಬೆನ್ನಿಗೇ ಮಗಳು, ಬ್ಯಾಗು, ಒಬ್ಬಾಕಿನೇ, ದಾರಿ. ಈ ಎರಡು ವಾಕ್ಯ ಬ್ಯಾರೆ ಬ್ಯಾರೆ ಇದ್ರ ಏನೂ ಇಲ್ಲ, ಒಂದರ ಹಿಂದ ಒಂದು ಕೂಡಿಸಿದ್ದಕ್ಕೇ ಬೆದರಿಕೆ ಆಗ್ತದ. ಕಡೀತೀನಿ ಅನ್ನೋ ಶಬ್ದನೇ ಇರಬೇಕು ಅಂತ 351 ಎಲ್ಲೂ ಹೇಳಿಲ್ಲ. ಆದ್ರ ಖರೇ ಹೇಳ್ತೀನಿ, ಮುಸುಕಿನ ಮಾತು ಸಾಬೀತು ಮಾಡೋದು ಕಷ್ಟ, ಹಿಂದುಮುಂದಿನ ಸಂದರ್ಭ ಎಲ್ಲಾ ಕೋರ್ಟಿನ ಮುಂದ ಇಡಬೇಕಾಗ್ತದ.

ಇನ್ನ ನಿಮ್ಮ "ಕಾಲ್ ಮುರೀತೀನಿ". ಇದಕ್ಕ ಎರಡು ತೀರ್ಪು ನೆನಪಿಟ್ಕೊಳ್ರಿ. 2015ರ ಜನವರಿಯೊಳಗ ಸುಪ್ರೀಂ ಕೋರ್ಟ್ ಮಾಣಿಕ್ ತನೇಜಾ ಕೇಸಿನಾಗ, ಅದು ನಮ್ಮ ಬೆಂಗಳೂರಿನದೇ, ಟ್ರಾಫಿಕ್ ಪೊಲೀಸರ ಫೇಸ್‌ಬುಕ್ ಪೇಜಿನ ಮ್ಯಾಲ ಒಬ್ಬ ಅಧಿಕಾರಿ ಕೆಟ್ಟದಾಗಿ ನಡಕೊಂಡ್ರು ಅಂತ ಬರದಿದ್ದಕ್ಕ 506 ಹಾಕಿದ್ರು, ಕೋರ್ಟ್ ಎಫ್‌ಐಆರ್ ರದ್ದು ಮಾಡ್ತು, ದಿಗಿಲು ಹುಟ್ಟಿಸೋ ಉದ್ದೇಶ ಇಲ್ಲದ ಬರೇ ಮಾತು ಸಾಲೋದಿಲ್ಲ ಅಂತ. 2019ರಾಗ ವಿಕ್ರಮ್ ಜೋಹರ್ ಕೇಸ್ ಬಂತು, ಅದು ಉತ್ತರ ಪ್ರದೇಶದ್ದು, ಮನಿ ಬಾಗಿಲಿಗೆ ಬಂದು ಹೊಲಸು ಬೈದ್ರು ಅನ್ನೋ ಆರೋಪ ಇತ್ತು, ಅಷ್ಟರಿಂದ 504ರ (ಶಾಂತಿ ಕೆಡೋಹಂಗ ಬೇಕಂತ ಅವಮಾನ ಮಾಡೋದು), 506ರ ಅಂಶ ತುಂಬೋದಿಲ್ಲ ಅಂತ ಆರೋಪಿಯನ್ನ ಬಿಡುಗಡೆ ಮಾಡ್ತು. ನಿಮ್ಮ ಮಾತು ಮಗಳ ಹೆಸರು ಎತ್ತಿದ ಸಿಟ್ಟಿಗೆ ಬಂದದ್ದು, ಅವನಿಂದ ಏನೋ ಮಾಡಿಸ್ಲಿಕ್ಕೆ ಆಡಿದ್ದಲ್ಲ. ಹಂಗಂತ ನಿಮಗೇನೂ ಆಗೋದೇ ಇಲ್ಲ ಅಂತ ನಾ ಬರದು ಕೊಡೋದಿಲ್ಲ. ಕೈಕಾಲು ಮುರಿಯೋ ಬೆದರಿಕೆ ಅಂದ್ರ ತೀವ್ರ ಗಾಯದ ಬೆದರಿಕೆ, ಸಾಬೀತಾದ್ರ 351(3) ಪ್ರಕಾರ 7 ವರ್ಷದ ತನಕ ಅದ. ಸಾದಾ ಬೆದರಿಕೆಗೆ 2 ವರ್ಷದ ತನಕ. ಅದಕ್ಕ ಇನ್ನ ಮುಂದ ಫೋನಿನ್ಯಾಗ ಬಾಯಿ ಬಿಗಿ ಹಿಡೀರಿ.

ಗಂಜ್ ತೊಗರಿ

ವಕೀಲ್ ಸಾಹೇಬ್ರೇ ಹಂಗಾದ್ರ ಶಾಪ ಹಾಕಿದ್ರ? ನಮ್ಮ ಕಡಿ "ಶರಣಬಸಪ್ಪ ನಿನ್ನ ನೋಡ್ಕೋತಾನ" ಅಂತ ಅಂದೇ ಅಂತಾರ.

ಐವಾನ್‌ಶಾಹಿ ವಕೀಲ

ಶಾಪ ಬೆದರಿಕೆ ಅಲ್ರಿ. ಬೆದರಿಸಿದ ಕೇಡು ಬೆದರಿಸಿದವನ ಕೈಯಾಗ ಇರಬೇಕು, ದೇವರು ನೋಡ್ಕೋತಾನ ಅಂದ್ರ ಅದು ಅವನ ಕೈಯಾಗಿಲ್ಲ. ಆದ್ರ 354 ಅಂತ ಒಂದು ಬ್ಯಾರೆ ಕಲಂ ಅದ, ನೀ ಹಿಂಗ ಮಾಡ್ದಿದ್ರ ನಾ ಮಾಡೋ ಕೆಲಸದಿಂದ ನಿನಗ ದೇವರ ಕೋಪ ತಟ್ಟಂಗ ಮಾಡ್ತೀನಿ ಅಂತ ನಂಬಿಸಿ ಕೆಲಸ ಮಾಡಿಸ್ಕೊಂಡ್ರ ಅದು ಅಪರಾಧ. ಮಾಟಮಂತ್ರದ ಹೆಸರಿನ್ಯಾಗ ರೊಕ್ಕ ಕೀಳೋರು ಇದನ್ನ ತಿಳ್ಕೋಬೇಕು.

ಬೀದರ್ ಲಾ ಹುಡುಗ

ನಾನು ಲಾ ಓದ್ತಿದ್ದೀನಿ, ಊರು ಬೀದರ್. "ಮಾತಾಡೋ ಹಕ್ಕು ಸಂವಿಧಾನ ಕೊಟ್ಟದ" ಅಂತ ಅಂವ ಹೇಳಿದ್ದಕ್ಕ ನನಗ ಸಿಟ್ಟು ಬಂತು, ಯಾಕಂದ್ರ ನನಗ ಆ ಹಕ್ಕಿನ ಮ್ಯಾಲ ಬಹಳ ಪ್ರೀತಿ ಅದ, ಅದನ್ನ ಇಂಥ ಕೆಲಸಕ್ಕ ಬಳಸೋದು ನೋಡ್ಲಿಕ್ಕಾಗೋದಿಲ್ಲ.

ಸಂವಿಧಾನದ 19(1)(ಎ) ಮಾತಾಡೋ ಹಕ್ಕು ಕೊಡ್ತದ, 19(2) ಯಾವ ಯಾವ ಕಾರಣಕ್ಕ ಮಿತಿ ಹಾಕಬಹುದು ಅಂತ ಎಣಿಸಿ ಹೇಳ್ತದ: ದೇಶದ ಸಾರ್ವಭೌಮತೆ ಮತ್ತ ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳ ಜೊತಿ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕ ಪ್ರಚೋದನೆ. ಇಷ್ಟೇ, ಇದರ ಹೊರಗ ಹೊಸ ಕಾರಣ ಸೇರಿಸ್ಲಿಕ್ಕೆ ಬರೋದಿಲ್ಲ ಅಂತ 2023ರ ಜನವರಿಯೊಳಗ ಕೌಶಲ್ ಕಿಶೋರ್ ಕೇಸಿನಾಗ ಸಂವಿಧಾನ ಪೀಠ ಹೇಳೇಬಿಟ್ಟದ. ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕ ಪ್ರಚೋದನೆ ಇವೆಲ್ಲ 1951ರ ಮೊದಲನೇ ತಿದ್ದುಪಡಿಯೊಳಗ ಬಂದದ್ದು, ಜೊತೀಗೆ "ಸಮಂಜಸ" ಅನ್ನೋ ಶಬ್ದ ಸಹ ಆಗಲೇ ಸೇರಿದ್ದು. ಆ ಒಂದು ಶಬ್ದದ ಮ್ಯಾಲೇ ನಾವು ಇವತ್ತಿಗೂ ವಾದ ಮಾಡೋದು.

2015ರ ಮಾರ್ಚಿನಾಗ ಶ್ರೇಯಾ ಸಿಂಘಾಲ್ ತೀರ್ಪು ಬಂದು ಆನ್‌ಲೈನ್ ಬರಹಕ್ಕ ಕೇಸ್ ಹಾಕೋ ಐಟಿ ಕಾಯ್ದೆ 66ಎ ಬಿತ್ತಲ್ಲ, ಅದ್ರಾಗ ಮೂರು ಮೆಟ್ಟಿಲು ಹೇಳ್ಯಾರ, ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲೆರಡು ಎಷ್ಟೇ ಕಹಿ ಇದ್ರೂ ಹಕ್ಕಿನೊಳಗ, ಮೂರನೇ ಮೆಟ್ಟಿಲಿಗೆ ಹೋದಾಗ ಕಾನೂನು ಕೈ ಹಾಕಬಹುದು. ಫರ್ಸಿಕಲ್ಲು ಅಣ್ಣ ಗ್ರೂಪಿನ್ಯಾಗ ಬರದದ್ದು ಮೊದಲ ಮೆಟ್ಟಿಲು. ಅಂವ ಫೋನ್ ಮಾಡಿದ್ದು ಮೆಟ್ಟಿಲೇ ಅಲ್ಲ, ಬ್ಯಾರೆಯವರು ಮಾತಾಡಬಾರದು ಅಂತ ಬಾಯಿಗೆ ಬಟ್ಟಿ ತುರುಕೋ ಕೆಲಸ. ಬೆದರಿಕೆಯನ್ನ ತಡದ್ರೇ ವಾಕ್ ಸ್ವಾತಂತ್ರ್ಯ ಉಳೀತದ.

ಅಮೆರಿಕಾದಾಗ ನಮಗಿಂತ ಎಷ್ಟೋ ಹೆಚ್ಚು ಮಾತಾಡ್ಲಿಕ್ಕೆ ಬಿಡ್ತಾರ ಅಂತಾರಲ್ಲ, ಅಲ್ಲಿ ಸಹ ಬೆದರಿಕೆಗೆ ರಕ್ಷಣೆ ಇಲ್ಲ. ವಾಟ್ಸ್ ಅಂತ 18 ವರ್ಷದ ಹುಡುಗ 1966ರಾಗ ವಾಷಿಂಗ್ಟನ್‌ನ ಒಂದು ಸಭೆಯೊಳಗ, ನನ್ನನ್ನ ಒತ್ತಾಯದಿಂದ ಸೈನ್ಯಕ್ಕ ಸೇರಿಸಿ ಕೈಯಾಗ ರೈಫಲ್ ಕೊಟ್ರ ಮೊದಲು ಗುರಿ ಇಡೋದು ಅಧ್ಯಕ್ಷ ಜಾನ್ಸನ್‌ಗೇ ಅಂತ ಅಂದ. ಕೇಳಿದವರು ನಕ್ರು. 1969ರಾಗ ಅಲ್ಲಿನ ಸುಪ್ರೀಂ ಕೋರ್ಟ್ ಇದು ರಾಜಕೀಯ ಅತಿಶಯದ ಮಾತು, ನಿಜವಾದ ಬೆದರಿಕೆ ಅಲ್ಲ ಅಂತ ಶಿಕ್ಷೆ ತಗದು ಹಾಕ್ತು. 2023ರಾಗ ಕೌಂಟರ್‌ಮನ್ ಅನ್ನೋ ಕೇಸ್, ಒಬ್ಬ ಗಾಯಕಿಗೆ ವರ್ಷಗಟ್ಟಲೆ ಮೆಸೇಜ್ ಕಳಿಸಿದವನದ್ದು, ಅದ್ರಾಗ ನನ್ನ ಮಾತಿಂದ ಎದುರಿನವರು ಹೆದರ್ತಾರ ಅಂತ ಗೊತ್ತಿದ್ದೂ ಅಸಡ್ಡೆ ಮಾಡಿದ್ದು ತೋರಿಸಿದ್ರ ಸಾಕು ಅಂದ್ರು. ಅಲ್ಲೂ ಇಲ್ಲೂ ಕೇಳೋ ಪ್ರಶ್ನೆ ಹತ್ತಿರ ಹತ್ತಿರ ಒಂದೇ, ಹೇಳಿದವನ ಮನಸ್ಸಿನ್ಯಾಗ ಏನಿತ್ತು, ಎಲ್ಲಿ ಯಾರ ಮುಂದ ಹೇಳ್ದ.

ನಿವೃತ್ತ ಹೆಡ್ ಕಾನ್‌ಸ್ಟೇಬಲ್

ನಾನು ಇಲಾಖೆಯೊಳಗ ಪೂರ್ತಿ ಸರ್ವಿಸ್ ಮಾಡಿ ಈಗ ಮನ್ಯಾಗ ಕುಂತೀನಿ. ಈ ಚರ್ಚೆಯೊಳಗ ಎಲ್ಲರೂ ಕಾನೂನು ಹೇಳಿದ್ರಿ, ಯಾರೂ ಕಂಪ್ಲೇಂಟಿನ ಕಾಗದ ಕೇಳಿಲ್ಲ. ತಮ್ಮಾ ಫರ್ಸಿಕಲ್ಲು, ನೀ ಕೊಟ್ಟ ಅರ್ಜಿಯೊಳಗ ಏನು ಬರ್ದದ? ಹೊರಗ ಟೈಪಿಂಗ್ ಅಂಗಡ್ಯಾಗ ಬರೆಸಿದಿ ಅಲ್ಲ?

ಫರ್ಸಿಕಲ್ಲು

ಹೌದ್ರಿ ಕಾಕಾ, ಹೆಂಗ ಗೊತ್ತಾಯ್ತು. ಅದ್ರಾಗ ಇರೋದು ಇದು: "ಸದರಿ ವ್ಯಕ್ತಿಯು ನನಗೆ ಅವಾಚ್ಯ ಶಬ್ದಗಳಿಂದ ಬೈದು, ನಿನ್ನನ್ನು ಜೀವ ಸಮೇತ ಬಿಡುವುದಿಲ್ಲ ಎಂದು ಜೀವದ ಬೆದರಿಕೆ ಹಾಕಿರುತ್ತಾನೆ." ಟೈಪ್ ಮಾಡೋವ ಹಿಂಗೇ ಬರಿಬೇಕು, ಇಲ್ಲಾಂದ್ರ ಕೇಸ್ ತಗೊಳೋದಿಲ್ಲ ಅಂದ.

ನಿವೃತ್ತ ಹೆಡ್ ಕಾನ್‌ಸ್ಟೇಬಲ್

ಇದೇ ನೋಡು. ಈ ಒಂದು ವಾಕ್ಯ ನಾ ನನ್ನ ಸರ್ವಿಸಿನ್ಯಾಗ ಎಷ್ಟು ಸಲ ಓದೀನಿ ಅಂತ ಲೆಕ್ಕ ಇಲ್ಲ. ಹೊಲದ ಬದುವಿನ ಜಗಳಕ್ಕೂ ಇದೇ, ನೀರಿನ ನಳದ ಜಗಳಕ್ಕೂ ಇದೇ, ಅಣ್ಣತಮ್ಮರ ಪಾಲಿನ ಜಗಳಕ್ಕೂ ಇದೇ. ಮೊದಲು 504, 506 ಅಂತಿದ್ವಿ, ಈಗ 352, 351(2) ಅಂತಾರ, ಸೆಕ್ಷನ್ ಬದಲಾತು, ವಾಕ್ಯ ಬದಲಾಗ್ಲಿಲ್ಲ. ಓದೋ ಪಿಎಸ್‌ಐ ಕಣ್ಣಿಗೆ ಅದು ಕಾಣೋದೇ ಇಲ್ಲ, ಅರ್ಜಿಯ ಮ್ಯಾಲಿನ ಸ್ಟ್ಯಾಂಪ್ ಇದ್ದಂಗ.

ನಿನ್ನ ವಿಷಯದಾಗ ಅದು ಇನ್ನೂ ಕೆಟ್ಟ ಕೆಲಸ ಮಾಡ್ಯದ. ಅಂವ ಬೈದಿಲ್ಲ, ನೀನೇ ಮ್ಯಾಲ ಬರ್ದಿ ಒಂದು ಬೈಗುಳ ಇಲ್ಲ ಅಂತ. ಜೀವ ಸಮೇತ ಬಿಡೋದಿಲ್ಲ ಅಂತಾನೂ ಅಂದಿಲ್ಲ. ನಾಳಿ ರೆಕಾರ್ಡ್ ಹಾಕಿ ಕೇಳಿದ್ರ ಅರ್ಜಿಯೊಳಗಿನ ಮಾತು ಒಂದೂ ಇಲ್ಲ, ನೀ ಸುಳ್ಳುಗಾರ ಆಗ್ತಿ. ಖರೇ ಧಮ್ಕಿ ಕೈಯಾಗಿಟ್ಕೊಂಡು ಸುಳ್ಳು ಧಮ್ಕಿಯ ಅರ್ಜಿ ಕೊಟ್ಟು ಬಂದೀ ತಮ್ಮ. ಹೊಸದಾಗಿ ಬರಿ. ಇಲ್ಲಿ ಬರದಿಯಲ್ಲ, ಅದೇ ಮಾತು, ಅದೇ ಕ್ರಮ. ನೀಲಿ ಬ್ಯಾಗ್ ಅಂದಿದ್ದು ಬರಿ, ಒಬ್ಬಾಕಿನೇ ಅಂದಿದ್ದು ಬರಿ, ಎಷ್ಟು ಗಂಟೆಗೆ, ಯಾವ ನಂಬರಿಂದ, ಹಿಂದಿನ ದಿನ ಗ್ರೂಪಿಗೆ ಏನು ಹಾಕಿದ್ದಿ ಅದರ ಫೋಟೋ. ನೀ ಅಂದ ಮಾತು ಸಹ ಬರಿ, ಮುಚ್ಚಿಡಬ್ಯಾಡ. ಅಂವ ಕತ್ತರಿಸಿ ಕೊಟ್ಟಾನ, ನೀ ಪೂರ್ತಿ ಕೊಡು.

ಇನ್ನೊಂದು. 351 ನಾನ್-ಕಾಗ್ನಿಜೆಬಲ್. ಅಂದ್ರ ಪೊಲೀಸರು ತಾವಾಗೇ ತನಿಖೆ ಮಾಡ್ಲಿಕ್ಕೆ ಬರೋದಿಲ್ಲ. ಬಿಎನ್‌ಎಸ್‌ಎಸ್ (ಕೇಸು ಹೆಂಗ ನಡಸಬೇಕು ಅಂತ ಹೇಳೋ ಹೊಸ ಕಾನೂನು) 174 ಪ್ರಕಾರ ಪುಸ್ತಕದಾಗ ಬರ್ಕೊಂಡು, ಅದಕ್ಕ ಎನ್‌ಸಿಆರ್ ಅಂತೀವಿ, ಮ್ಯಾಜಿಸ್ಟ್ರೇಟ್ ಹತ್ರ ಹೋಗು ಅನ್ನಬೇಕು. ಮ್ಯಾಜಿಸ್ಟ್ರೇಟ್ ಆದೇಶ ಆದ್ರ ತನಿಖೆ. ಆದ್ರ ಬರ್ಕೊಳೋದೇ ಇಲ್ಲ ಅನ್ನೋ ಹಂಗಿಲ್ಲ. ಎನ್‌ಸಿಆರ್ ನಂಬರ್ ಕೊಡ್ರಿ ಅಂತ ಕೇಳು, ಆ ನಂಬರ್ ಇಲ್ದೆ ಸ್ಟೇಷನ್ ಬಾಗಿಲು ದಾಟಬ್ಯಾಡ.

ಐವಾನ್‌ಶಾಹಿ ವಕೀಲ

ಹೆಡ್ ಕಾನ್‌ಸ್ಟೇಬಲ್ ಸಾಹೇಬ್ರಿಗೆ ಶರಣು, ಇದು ನಾನು ಮೊದಲೇ ಕೇಳಬೇಕಾಗಿತ್ತು. ಕೂಡಿಸ್ತೀನಿ. ಅದೇ ಘಟನೆಯೊಳಗ ಒಂದಾದ್ರೂ ಕಾಗ್ನಿಜೆಬಲ್ ಅಪರಾಧ ಇದ್ರ ಇಡೀ ಕೇಸು ಕಾಗ್ನಿಜೆಬಲ್ ಆಗ್ತದ, 174(4). ಅದಕ್ಕೇ ಕೆಲವರು ನ್ಯಾಯ ಸಂಹಿತೆಯ 296 ಸೇರಿಸ್ತಾರ, ಸಾರ್ವಜನಿಕ ಜಾಗದಾಗ ಅಶ್ಲೀಲ ಮಾತು ಅಂತ. ಇಲ್ಲದ್ದು ಸೇರಿಸಬ್ಯಾಡ್ರಿ, ಬೈದದ್ದೆಲ್ಲಾ ಅಶ್ಲೀಲ ಅಲ್ಲ ಅಂತ ಸುಪ್ರೀಂ ಕೋರ್ಟ್ 2022ರಾಗ ಹೇಳ್ಯದ. ಆದ್ರ ಮಗಳ ಬೆನ್ನಿಗೆ ಬಿದ್ದು ನೋಡ್ಲಿಕತ್ತಾನ ಅನ್ನೋದು ಖರೇ ಇದ್ರ, ಆಕೀನ ಕೇಳ್ರಿ, ಯಾರಾದ್ರೂ ಹಿಂಬಾಲಿಸ್ಯಾರೇನು ಅಂತ, ಅದರ ದಾರಿನೇ ಬ್ಯಾರೆ.

ಸ್ಟೇಷನ್ ಮಾತು ಕೇಳ್ದಿದ್ರ ಬಿಎನ್‌ಎಸ್‌ಎಸ್ 223ರ ಪ್ರಕಾರ ನೇರ ಮ್ಯಾಜಿಸ್ಟ್ರೇಟ್ ಮುಂದ ಖಾಸಗಿ ದೂರು ಹಾಕಬಹುದು, ಹೊಸ ಕಾನೂನಿನ್ಯಾಗ ಕೋರ್ಟ್ ಕಾಗ್ನಿಜನ್ಸ್ ತಗೊಳೋ, ಅಂದ್ರ ದೂರನ್ನ ಕೈಗೆ ತಗೊಳೋ ಮೊದಲು ಆರೋಪಿಗೂ ಮಾತಾಡೋ ಅವಕಾಶ ಕೊಡ್ತಾರ. 351(2)ಕ್ಕ 3 ವರ್ಷದ ಕಾಲಮಿತಿ ಅದ, ಗಡಬಡಿ ಮಾಡಬ್ಯಾಡ್ರಿ, ಆದ್ರ ಮಲಗಿಸಿ ಇಡಬ್ಯಾಡ್ರಿ. ಮತ್ತ ಶಿಕ್ಷೆಗಿಂತ ಮೊದಲು ನಿಮಗ ಬೇಕಾಗಿರೋದು ಅಂವ ಸುಮ್ಮನಿರೋದು. ಅದಕ್ಕ ಬಿಎನ್‌ಎಸ್‌ಎಸ್ 126 ಅದ, ಶಾಂತಿ ಕಾಪಾಡ್ತೀನಿ ಅಂತ ಒಂದು ವರ್ಷದ ತನಕ ಬಾಂಡ್ ಬರೆಸ್ಕೊಳೋದು. ತಾಲೂಕಿನಾಗ ತಹಶೀಲ್ದಾರ್ ಕಡಿ, ನಮ್ಮ ಸಿಟಿಯೊಳಗ ಪೊಲೀಸ್ ಕಮಿಷನರೇಟ್ ಕಡಿ.

ಭೀಮಾ ದಂಡಿ

ನಾನು ಅಫಜಲಪುರ ತಾಲೂಕಿನವ, ದಲಿತ ಓಣಿಯವ. ನಮಗ ಬರೋ ಧಮ್ಕಿ ಬ್ಯಾರೆ ಥರಾ ಇರ್ತದ. ಹೊಲಕ್ಕ ದಾರಿ ಕೇಳಿದಾಗ ಜಾತಿ ಹೆಸರು ಹಿಡದು "ಊರಾಗ ಇರಬೇಕೋ ಬ್ಯಾಡೋ ನೋಡ್ಕೋ" ಅಂತಾರ. ಅಟ್ರಾಸಿಟಿ (ಎಸ್‌ಸಿ-ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆ ಕೇಸ್) ಹಾಕ್ರಿ ಅಂತ ಎಲ್ಲರೂ ಹೇಳ್ತಾರ, ಹಾಕಿದ ಮ್ಯಾಲ ಊರಿನ ಹಿರಿಯರು ಬಂದು ರಾಜಿ ಮಾಡಿಸ್ತಾರ, ಸಾಕ್ಷಿ ಹೇಳೋರು ಹಿಂದ ಸರೀತಾರ ಯಾಕಂದ್ರ ಅವರು ಆ ಮನಿ ಹೊಲದಾಗೇ ಕೂಲಿ. ವಕೀಲ್ ಅಣ್ಣಾರೆ, ಫೋನಿನ್ಯಾಗ ಜಾತಿ ಹಿಡದು ಬೈದ್ರ ಅಟ್ರಾಸಿಟಿ ಆಗ್ತದೇನು?

ಐವಾನ್‌ಶಾಹಿ ವಕೀಲ

ಆ ಕಾಯ್ದೆಯ 3(1)(ಆರ್) ಅವಮಾನ ಮಾಡೋದು, 3(1)(ಎಸ್) ಜಾತಿ ಹಿಡದು ಬೈಯೋದು, ಎರಡಕ್ಕೂ ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗ ಆಗಿರಬೇಕು. 2020ರ ಹಿತೇಶ್ ವರ್ಮಾ ತೀರ್ಪಿನಾಗ ನಾಲ್ಕು ಗೋಡಿ ಒಳಗ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಇದ್ರಾಗ ಬರೋದಿಲ್ಲ ಅಂದಾರ. ಇಬ್ಬರ ನಡುವಿನ ಫೋನ್ ಕರೆಗೆ ಅದೇ ತೊಂದರೆ. ಆದ್ರ ಹೊಲದ ದಾರಿ ಮ್ಯಾಲ, ಹತ್ತು ಮಂದಿ ಕೇಳೋಹಂಗ ಅಂದಿದ್ರ ನೇರ ಬರ್ತದ. ಫೋನಿನ ಮಾತಿಗೆ 351 ಇದ್ದೇ ಇರ್ತದ. ದಾರಿಯ ಹಕ್ಕು ತಡದದ್ದಕ್ಕೂ ಅದೇ ಕಾಯ್ದೆಯೊಳಗ ಬ್ಯಾರೆ ಉಪಕಲಂ ಅದ, ಅದನ್ನ ಬಿಟ್ಟು ಬರೇ ಬೈದದ್ದು ಬರೀಬ್ಯಾಡ್ರಿ. ಸಾಕ್ಷಿದಾರರ ವಿಷಯ ನೀವು ಹೇಳಿದ್ದು ನೂರಕ್ಕ ನೂರು ಖರೇ, ಅದಕ್ಕ ನನ್ನ ಹತ್ರ ಸುಲಭದ ಉತ್ತರ ಇಲ್ಲ.

ಆಳಂದ ಅಕ್ಕ

ನಮ್ಮ ಸಂಘದಾಗ ಫೈನಾನ್ಸಿನವರು ಬಾಗಿಲಿಗೆ ಬಂದು ಕುಂತು "ನಿನ್ನ ಮಗಳ ಮದ್ವಿ ದಿನಾನೇ ಬಂದು ಮಂಟಪದಾಗ ರೊಕ್ಕ ಕೇಳ್ತೀವಿ" ಅಂದಿದ್ರು. ಹೊಡೀತೀನಿ ಅಂದಿಲ್ಲ, ಬೈದಿಲ್ಲ. ಆ ಹೆಣ್ಣುಮಗಳು ಎರಡು ದಿನ ಊಟ ಬಿಟ್ಲು. ಇದಕ್ಕೂ ಏನಾದ್ರೂ ಅದಾ?

ಬೀದರ್ ಲಾ ಹುಡುಗ

ಅದ ಅಕ್ಕಾ. ಮಾನಕ್ಕ ಕೇಡು ಮಾಡೋ ಬೆದರಿಕೆ 351ರೊಳಗೇ ಬರ್ತದ. 1960ರಷ್ಟು ಹಿಂದೇನೇ ಸುಪ್ರೀಂ ಕೋರ್ಟಿನ ರಮೇಶ್ ಚಂದರ್ ಅರೋರಾ ತೀರ್ಪು ವರದಿ ಆಗ್ಯದ, ಒಬ್ಬ ಹುಡುಗಿಯ ಅಸಭ್ಯ ಫೋಟೋ ಬಹಿರಂಗ ಮಾಡ್ತೀನಿ ಅಂತ ತಂದಿಗೆ ಪತ್ರ ಬರದು ರೊಕ್ಕ ಕೇಳಿದವನದ್ದು, ಅಪರಾಧಿಕ ಬೆದರಿಕೆ ಅಂತ ಶಿಕ್ಷೆ ಎತ್ತಿ ಹಿಡದ್ರು. ಮತ್ತ 2025ರ ಫೆಬ್ರವರಿಯೊಳಗ ನಮ್ಮ ರಾಜ್ಯ ಸರ್ಕಾರ ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂತು, ಒತ್ತಾಯದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಸಾಲ ತೀರಿಸಬೇಕಾಗಿರೋದು ಬ್ಯಾರೆ, ಮಂಟಪಕ್ಕ ಬರ್ತೀನಿ ಅನ್ನೋದು ಬ್ಯಾರೆ.

ಗಂಜ್ ತೊಗರಿ

ನಾ ಮೊದಲು ಬರದದ್ದು ಅರ್ಧ ವಾಪಸ್ ತಗೋತೀನಿ. ಟೀಚರಮ್ಮ ಬರದದ್ದು ಓದಿ ನಮ್ಮ ತಂಗಿಗೆ ತೋರಿಸ್ದೆ, ಆಕಿ "ನನಗೂ ಹಿಂಗ ಆಗ್ಯದ, ನಿನಗ ಹೇಳಿಲ್ಲ" ಅಂದ್ಲು. ಏನು ಹೇಳಬೇಕೋ ತಿಳೀಲಿಲ್ಲ. ಆದ್ರ ಉಳಿದರ್ಧ ಬಿಡೋದಿಲ್ಲ. ಈ ಸೆಕ್ಷನ್ ಪೊಲೀಸರ ಕೈಯಾಗ, ದೊಡ್ಡವರ ಕೈಯಾಗ ಸಿಕ್ರ ಬಡವ ಏರು ದನಿಯಿಂದ ಮಾತಾಡಿದ್ದೇ ಅಪರಾಧ ಆಗ್ತದ. ನೋಡ್ರಿ ಇಲ್ಲೇ, ಮೊದಲ ಕಂಪ್ಲೇಂಟ್ ಬಿದ್ದದ್ದು ಯಾರ ಮ್ಯಾಲ? ಫರ್ಸಿಕಲ್ಲು ಅಣ್ಣನ ಮ್ಯಾಲ. ನಮ್ಮ ಹಳ್ಳಿ ಮಂದಿ ಬಾಯಿ ಒರಟು, ಇಂಗ್ಲಿಷ್ ಬಲ್ಲವರ ಬಾಯಿ ನಯ. ಕೋರ್ಟಿಗೆ ಈ ಫರಕ್ ತಿಳೀಬೇಕಲ್ಲ.

ಐವಾನ್‌ಶಾಹಿ ವಕೀಲ

ಗಂಜ್ ಅಣ್ಣಾ, ಇದಕ್ಕೇ ಉದ್ದೇಶ ಅನ್ನೋ ಶಬ್ದ ಕಾನೂನಿನ್ಯಾಗ ಇರೋದು. ನಯದ ಮಾತೋ ಒರಟು ಮಾತೋ ಅಂತ 351 ಕೇಳೋದಿಲ್ಲ. 2025ರ ಮಾರ್ಚ್ 28ಕ್ಕ ಇಮ್ರಾನ್ ಪ್ರತಾಪಗಢಿ ಕೇಸಿನಾಗ ಸುಪ್ರೀಂ ಕೋರ್ಟ್ ಇನ್ನೊಂದು ಛಲೋ ಮಾತು ಹೇಳ್ಯದ, ಒಂದು ಕವಿತೆಗೆ ಗುಜರಾತಿನಾಗ ಎಫ್‌ಐಆರ್ ಆಗಿತ್ತು, ಅದನ್ನ ರದ್ದು ಮಾಡಿ, ಮಾತಿನ ಪರಿಣಾಮ ಅಳೀಬೇಕಾದ್ರ ಗಟ್ಟಿ ಮನಸ್ಸಿನವರ ಅಳತಿಯಿಂದ ಅಳೀಬೇಕು, ಎಲ್ಲದಕ್ಕೂ ಬೆಚ್ಚಿ ಬೀಳೋರ ಅಳತಿಯಿಂದ ಅಲ್ಲ ಅಂದ್ರು. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಕಾಗ್ನಿಜೆಬಲ್ ಅಪರಾಧ ಇದ್ದು ವಿಷಯ ಮಾತಿಂದು ಬರಹದ್ದು ಆಗಿದ್ರ, ಮೊದಲು ಬಿಎನ್‌ಎಸ್‌ಎಸ್ 173(3)ರ ಕೆಳಗ 14 ದಿನದ ಪ್ರಾಥಮಿಕ ವಿಚಾರಣೆ ಮಾಡೋದು ಯೋಗ್ಯ ಅಂತಾನೂ ಹೇಳ್ಯಾರ. ಆದ್ರ ಹೆದರಿಸೋ ಉದ್ದೇಶದಿಂದ ಒಬ್ಬನ ಮಗಳನ್ನ ನಡುವ ತಂದವನಿಗೆ ಈ ತೀರ್ಪು ಆಸರೆ ಆಗೋದಿಲ್ಲ, ಅದು ಅಭಿಪ್ರಾಯ ಹೇಳೋರಿಗೆ.

ಫರ್ಸಿಕಲ್ಲು

ಒಂದು ಹೇಳೋದು ಮರ್ತೆ. ನನ್ನ ಫೋನಿನ್ಯಾಗೂ ಆಟೋ ರೆಕಾರ್ಡ್ ಇತ್ತು. ನಿನ್ನೆ ರಾತ್ರಿ ಹುಡುಕಿದಾಗ ಸಿಕ್ತು, ಪೂರ್ತಿ ಅದ, ಒಂದು ನಿಮಿಷಕ್ಕಿಂತ ಕಮ್ಮಿ. ಗ್ರೂಪಿಗೆ ಹಾಕಿಬಿಡ್ಲಾ? ಎಲ್ಲರೂ ಕೇಳ್ಲಿ.

ಐವಾನ್‌ಶಾಹಿ ವಕೀಲ

ಬ್ಯಾಡ ಬ್ಯಾಡ ಬ್ಯಾಡ. ಗ್ರೂಪಿಗೆ ಹಾಕಿದ್ರ ಅಂವ ಮಾನಹಾನಿ ಅಂತ ಹೊಸ ಕಾಗದ ತಗೊಂಡು ಬರ್ತಾನ. ಫೋನ್ ಹಂಗೇ ಇಡ್ರಿ, ಅಪ್‌ಡೇಟ್ ಮಾಡಬ್ಯಾಡ್ರಿ, ಫಾರ್ಮ್ಯಾಟ್ ಅಂತೂ ಬ್ಯಾಡೇ ಬ್ಯಾಡ, ಮಾರಿ ಹೊಸದು ತಗೋಬ್ಯಾಡ್ರಿ. ಕಾಪಿ ಕೊಡೋದಾದ್ರ ಸಾಕ್ಷ್ಯ ಅಧಿನಿಯಮದ 63(4) ಸರ್ಟಿಫಿಕೇಟ್ ಬೇಕು, ಹಿಂದ 65ಬಿ ಅಂತಿದ್ವಿ. ಈಗ ಅದ್ರಾಗ ಎರಡು ಭಾಗ, ಎ ಭಾಗ ನೀವು ತುಂಬೋದು, ಬಿ ಭಾಗ ತಜ್ಞರು, ಫೈಲ್ ತಿದ್ದಿಲ್ಲ ಅಂತ ತೋರಿಸೋ ಹ್ಯಾಷ್ ನಂಬರ್ ಸಮೇತ. ಅಂವ ಕತ್ತರಿಸಿ ಕೊಟ್ಟಾನಲ್ಲ, ಪೂರ್ತಿ ರೆಕಾರ್ಡ್ ನಿಮ್ಮ ಕಡಿ ಅದ ಅಂದ್ರ ಆ ಕತ್ತರಿಸಿದ್ದೇ ಅವನಿಗೆ ಮುಳುವು.

ಟೀಚರಮ್ಮ, ಸೇಡಂ ರೋಡ್

ಅಣ್ಣಾರೆ, ಕಾಗದ ಎಲ್ಲಾ ಆಗ್ಲಿ, ಮಗಳಿಗೆ ಹೇಳೀರೇನು? ಹೆದರಿಸೋಹಂಗ ಅಲ್ಲ, ಆದ್ರ ಗೊತ್ತಿರಬೇಕು. ಸಾಲಿ ಹೆಡ್ ಮೇಡಂಗೂ ಒಂದು ಚೀಟಿ ಕೊಡ್ರಿ, ನೀವು ಹೇಳಿದವರನ್ನ ಬಿಟ್ಟು ಬ್ಯಾರೆಯವರ ಜೊತಿ ಕಳಿಸಬಾರದು ಅಂತ.

ಫರ್ಸಿಕಲ್ಲು

ಇವತ್ತಿನ ಸುದ್ದಿ ಬರೀತೀನಿ.

ರಾತ್ರಿ ಕುಂತು ನಾನೇ ಕೈಲೇ ಅರ್ಜಿ ಬರದೆ, ನಾಲ್ಕು ಪುಟ ಆಯ್ತು, ನನ್ನ ಅಕ್ಷರ ಛಲೋ ಇಲ್ಲ. ಹೆಡ್ ಕಾನ್‌ಸ್ಟೇಬಲ್ ಕಾಕಾ ಹೇಳಿದಂಗ ಅವನ ಮಾತು ಹೆಂಗಿತ್ತೋ ಹಂಗ, ನನ್ನ ಕಾಲ್ ಮುರಿಯೋ ಮಾತು ಸಹ. ಬೋರ್ಡಿನ ಫೋಟೋ, ಟೇಪಿನ ಫೋಟೋ, ಗ್ರೂಪಿನ ಮೆಸೇಜ್ ಪ್ರಿಂಟ್ ಹಚ್ಚಿ ಸ್ಟೇಷನ್ನಿಗೆ ಹೋದೆ. ಇವತ್ತು ಬ್ಯಾರೆ ಸಾಹೇಬ್ರು ಇದ್ರು. ಅವರು ಓದ್ಕೋತ ಓದ್ಕೋತ "ನೀಲಿ ಬ್ಯಾಗ್" ಅನ್ನೋ ಸಾಲಿಗೆ ಬಂದು ನಿಂತ್ರು, ಇನ್ನೊಮ್ಮೆ ಓದಿದ್ರು, ತಲಿ ಎತ್ತಿ "ನಿಮ್ಮ ಮಗಳ ಬ್ಯಾಗ್ ಖರೇ ನೀಲಿನೇ?" ಅಂತ ಕೇಳಿದ್ರು. ಹೌದ್ರಿ ಅಂದೆ. ಕುರ್ಚಿ ಕೊಟ್ಟು ಕೂಡ್ರಿಸಿದ್ರು, ರೆಕಾರ್ಡ್ ಕೇಳಿದ್ರು, ಎನ್‌ಸಿಆರ್ ನಂಬರ್ ಕೊಟ್ರು. ಮ್ಯಾಜಿಸ್ಟ್ರೇಟ್ ಆದೇಶಕ್ಕ ಕಳಿಸ್ತೀವಿ, 126ಕ್ಕೂ ಬರೀತೀವಿ ಅಂದಾರ. ಅವನ ಕಂಪ್ಲೇಂಟೂ ನಡೀತದಂತ, ಅದಕ್ಕ ನಾನೂ ಉತ್ತರ ಕೊಡಬೇಕು, ಕೊಡ್ತೀನಿ. ಸೋಮವಾರ ವಕೀಲರ ಹತ್ರ ಹೋಗ್ಲಿಕತ್ತೀನಿ.

ಮಗಳಿಗೆ ಹೇಳೀನಿ. ಬ್ಯಾಗ್ ಬದಲಾಯಿಸೋಣೇನು ಅಂದೆ, ಬ್ಯಾಡ ಅಂದ್ಲು. ಈ ವಾರ ಆಟೋ ಸ್ಟ್ಯಾಂಡ್ ತನಕ ನಾನೇ ಜೊತಿ ಹೋಗ್ತೀನಿ. ಚರಂಡಿ ಫೋಟೋ ಗ್ರೂಪಿನ್ಯಾಗ ಹಂಗೇ ಅದ, ತಗದಿಲ್ಲ.